ಗರಿಕೆ: ಗುಣವೂ ಬಳಕೆಯೂ

ಧಾರವಾಡದ ಸೀಮೆಯ ಎರೆಭೂಮಿಯಲ್ಲಿ ಒಕ್ಕಲುತನ ಮಾಡುವವನಿಗೆ ಗರಿಕೆಯ, ಅಂದರೆ ಅಲ್ಲಿಯವರ ಕರಕಿಯ, ಹೆಸರು ಕಿವಿಗೆ ಬಿದ್ದರೆ ಸಾಕು, ಹುಬ್ಬು ಗಂಟಿಕ್ಕುತ್ತದೆ; ಹೊಲದ ಯಾವುದೋ ಮೂಲೆಯಲ್ಲಿ ಕಾಲೂರಿದ ಈ ಹುಲ್ಲು ಮಣ್ಣಿನೊಳಗೆ ಗೆಣ್ಣಿನಿಂದ ಗೆಣ್ಣಿಗೆ ಹರಿದು, ಕುಂಟೆಯ ಕುಡಕ್ಕೆ ಸಿಕ್ಕಿ ತುಂಡಾದಷ್ಟೂ ತುಂಡುತುಂಡಿನಲ್ಲಿ ಚಿಗುರಿ, ಬೆಳೆಗೆ ಸಲ್ಲತಕ್ಕ ನೀರನ್ನೂ ಸಾರವನ್ನೂ ತಾನೇ ಹೀರಿಕೊಂಡು ನಿಲ್ಲುವುದರಿಂದ, ಬಿರುಬೇಸಗೆಯಲ್ಲಿ ನೆಲವನ್ನು ಆಳವಾಗಿ ಉತ್ತು, ಮಗುಚಿಬಿದ್ದ ಹೆಂಟೆಗಳ ನಡುವಿನ ಬೇರುಗಳನ್ನು ಬಿಸಿಲಿಗೆ ಒಣಗಿಸಿ ಆರಿಸಿ ತೆಗೆಯುವುದಲ್ಲದೆ ಅವನಿಗೆ ಅನ್ಯಮಾರ್ಗವಿಲ್ಲ. ಆದರೆ ದೀಪಾವಳಿಯ ಪಾಡ್ಯದ ಬೆಳಗ್ಗೆ ಅದೇ ಮನೆಯ ಹೆಣ್ಣುಮಕ್ಕಳು ಸಗಣಿಯ ಪಾಂಡವರನ್ನು ಮಾಡಿ ಅವುಗಳ ನೆತ್ತಿಗೆ ಸಿಕ್ಕಿಸುವ ಹುಲ್ಲೂ ಇದೇ. ಮೈಸೂರು ಸೀಮೆಯಲ್ಲಿ ಸಗಣಿಯ ಬೆನಕನಿಗೆ ಏರುವುದೂ, ಭಾದ್ರಪದ ಶುದ್ಧ ಚೌತಿಯಂದು ಗಣಪತಿಗೆ 21 ಕುಡಿಗಳಾಗಿ ಅರ್ಪಿತವಾಗುವುದೂ ಇದೇ. ಮಗುವಿನ ಮೂಗಿನಿಂದ ರಕ್ತ ಒಸರಿದಾಗ ಮನೆಯ ಅಜ್ಜಿ ಹಿತ್ತಿಲಿಗೆ ಹೋಗಿ ಹಿಡಿತುಂಬ ಕಿತ್ತು ತರುವುದೂ ಇದನ್ನೇ.

ಔಷಧವಾಗಿ ಗರಿಕೆಯ ಅಧಿಕಾರ ಬಹಳ ವಿಸ್ತಾರವಾದುದಲ್ಲವೆಂಬುದನ್ನು ಮೊದಲಿಗೇ ಹೇಳಿಬಿಡುವುದು ಲೇಸು. ಒಸರುವ ರಕ್ತ, ಉರಿಯುವ ಮೈ, ತುರಿಸುವ ಚರ್ಮ, ಉರಿದು ಇಳಿಯುವ ಮೂತ್ರ, ಇಷ್ಟರ ಮೇರೆಯೊಳಗೆ ನಮ್ಮ ವೈದ್ಯಪರಂಪರೆ ಅದನ್ನು ಬಹುಕಾಲದಿಂದ ನಂಬಿ ಬಳಸಿದೆ. ಆ ಮೇರೆಯನ್ನು ದಾಟಿಸಿ ಅದನ್ನು ಸರ್ವರೋಗಹರವೆಂದು ಸಾರುವ ಕೆಲಸವನ್ನು ವೈದ್ಯರಿಗಿಂತ ಹೆಚ್ಚಾಗಿ ಇಂದಿನ ಉದ್ಯಾನಗಳ ಬಾಗಿಲಲ್ಲಿ ಬೆಳಗಿನ ಜಾವ ಹಸಿರು ರಸ ಮಾರುವ ಗಾಡಿಯವರು ಮಾಡುತ್ತಿದ್ದಾರೆ.

ಶಾಸ್ತ್ರಗ್ರಂಥಗಳಲ್ಲಿ ದೂರ್ವೆಯೆಂದು ಕರೆಯಲ್ಪಡುವ ಗರಿಕೆಯ ಸ್ಥಾನ ಗೌರವದ್ದು. ಗೆಣ್ಣುಗೆಣ್ಣಿನಲ್ಲಿಯೂ ಮೊಳೆತು ಹಬ್ಬುವ ಅದರ ಶಕ್ತಿಯನ್ನು ಯಜುರ್ವೇದವೇ ಸ್ತುತಿಸಿದೆ. ಚರಕಸಂಹಿತೆಯ ಸೂತ್ರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಹತ್ತು ಹತ್ತು ಮೂಲಿಕೆಗಳನ್ನು ಒಂದೊಂದು ಗಣವಾಗಿ ಕೂಡಿಸಿ 50 ಮಹಾಕಷಾಯಗಳನ್ನು ಹೇಳಿರುವುದುಂಟಷ್ಟೆ; ಅವುಗಳಲ್ಲಿ ಮೈಬಣ್ಣವನ್ನು ತಿದ್ದುವ ವರ್ಣ್ಯಗಣದಲ್ಲಿಯೂ, ಗರ್ಭವನ್ನು ನಿಲ್ಲಿಸುವ ಪ್ರಜಾಸ್ಥಾಪನಗಣದಲ್ಲಿಯೂ ದೂರ್ವೆಯ ಎರಡು ಬಗೆಗಳು ಬೇರೆ ಬೇರೆ ಹೆಸರುಗಳಿಂದ ಸೇರಿವೆಯೆಂದು ವ್ಯಾಖ್ಯಾನಕಾರನಾದ ಚಕ್ರಪಾಣಿದತ್ತನು ವಿವರಿಸುತ್ತಾನೆ. 16ನೆಯ ಶತಮಾನದ ಭಾವಪ್ರಕಾಶವು ನೀಲದೂರ್ವೆ, ಶ್ವೇತದೂರ್ವೆ, ಗಂಡದೂರ್ವೆಯೆಂದು ಮೂರನ್ನೆಣಿಸುತ್ತದೆ. ಒಗರು, ಕಹಿ, ಸಿಹಿಗಳು ಬೆರೆತ ರಸ, ಜೀರ್ಣಿಸಲು ಹಗುರವಾದ ಗುಣ, ಶೀತವೀರ್ಯ, ಕಫಪಿತ್ತಗಳನ್ನು ತಗ್ಗಿಸುವ ಕರ್ಮ ಎಂಬುದು ಒಟ್ಟಿನಲ್ಲಿ ಅದಕ್ಕೆ ಸಂದ ಲಕ್ಷಣ. ಬೆಂಕಿಯ ರಕ್ಕಸನಾದ ಅನಲಾಸುರನನ್ನು ನುಂಗಿದ ಗಣಪತಿಯ ಒಡಲುರಿಯನ್ನು ಚಂದ್ರನೂ ವರುಣನೂ ತಣಿಸಲಾರದೆ ಹೋದಾಗ ಋಷಿಗಳು ತಂದ ಗರಿಕೆ ತಣಿಸಿತೆಂಬ ಪುರಾಣಕಥೆಯನ್ನು ನಾವು ಚೌತಿಯ ದಿನ ಕೇಳುತ್ತೇವೆ. ವೈದ್ಯನು ಶೀತವೀರ್ಯವೆಂದು ಒಂದೇ ಮಾತಿನಲ್ಲಿ ಮುಗಿಸಿದ್ದನ್ನೇ ಪೌರಾಣಿಕನು ಕಥೆಯಾಗಿ ಬೆಳೆಸಿದ್ದಾನೆಂದು ನನಗೆ ತೋರುತ್ತದೆ.

ಗುಣವರ್ಣನೆಯಿಂದ ಬಳಕೆಗೆ ಬರುವ ಮುನ್ನ ಹುಲ್ಲನ್ನು ಗುರುತಿಸುವ ವಿಚಾರ. ಇದೇನು ದೊಡ್ಡ ವಿದ್ಯೆಯೆ ಎಂದು ಕೇಳುವವರು ಒಮ್ಮೆ ಚೌತಿಯ ಹಿಂದಿನ ದಿನ ಮಾರುಕಟ್ಟೆಯಲ್ಲಿ ಗರಿಕೆಯೆಂದು ಮಾರುವ ಕಂತೆಗಳನ್ನು ಬಿಚ್ಚಿ ನೋಡಬೇಕು. ಅರ್ಧಕ್ಕರ್ಧ ಬೇರೆ ಹುಲ್ಲು ಸಿಕ್ಕಿದರೂ ಆಶ್ಚರ್ಯಪಡಬೇಕಾದುದಿಲ್ಲ. ದೇವರು ಕ್ಷಮಿಸಿಯಾನು, ಹೊಟ್ಟೆ ಕ್ಷಮಿಸದು. ನಿಜವಾದ ಗರಿಕೆ ನೆಲದ ಮೇಲೆ ಹಂಬಾಗಿ ಹರಿಯುತ್ತದೆ. ಹಂಬಿನ ಪ್ರತಿ ಗೆಣ್ಣಿನಲ್ಲಿಯೂ ಕೆಳಕ್ಕೆ ಬೇರು, ಮೇಲಕ್ಕೆ ಕುಡಿ. ಮಣ್ಣನ್ನು ಕೆದಕಿದರೆ ಪೊರೆಪೊರೆಯಾದ ಹುರುಪೆಗಳಿಂದ ಮುಚ್ಚಿದ, ಬಿಳಿಹಳದಿ ಬಣ್ಣದ, ಚೂಪು ಮೊನೆಯ ಬೇರುಕಾಂಡ ಕಾಣಿಸುತ್ತದೆ. ಎಲೆ ಕಿರಿದು, ತುದಿ ಚೂಪು, ಬಣ್ಣ ತುಸು ನೀಲಿ ಬೆರೆತ ಹಸಿರು. ಎಲೆಯನ್ನು ಕಾಂಡದಿಂದ ಮೆಲ್ಲನೆ ಹಿಂದಕ್ಕೆ ಬಾಗಿಸಿ, ಅವೆರಡೂ ಕೂಡುವ ಸಂದಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಅಲ್ಲಿ ಬಿಳಿಯ ನವಿರುಗೂದಲಿನ ಒಂದು ಸಾಲು ಕಾಣುವುದು. ಹೂ ಬಿಟ್ಟಾಗಲಂತೂ ಸಂದೇಹಕ್ಕೆ ಎಡೆಯಿಲ್ಲ: ಸಣ್ಣ ಕಡ್ಡಿಯ ತುದಿಯ ಒಂದೇ ಬಿಂದುವಿನಿಂದ ಮೂರರಿಂದ ಆರು ತೆಳ್ಳನೆಯ ತೆನೆಗಳು ಬೆರಳು ಚಾಚಿದಂತೆ ಹೊರಡುತ್ತವೆ, ಕಾಳುಗಳು ತೆನೆಯ ಒಂದೇ ಮಗ್ಗುಲಿಗೆ ಅಂಟಿಕೊಂಡಿರುತ್ತವೆ.

ಮೋಸಹೋಗುವುದು ಇಂಥದೇ ತೆನೆಯುಳ್ಳ ಬೇರೆ ಹುಲ್ಲುಗಳಿಂದ. ರಾಗಿಯ ಬಂಧುವಾದ ಕಾಡುಹುಲ್ಲೊಂದಕ್ಕೆ ತೆನೆ ಇದೇ ರೀತಿ ಬೆರಳುಬೆರಳಾಗಿದ್ದರೂ ಅದು ಹಂಬು ಹರಿಯದೆ ಗುಂಪಾಗಿ ಬೆಳೆಯುತ್ತದೆ, ಬುಡ ಚಪ್ಪಟೆಯಾಗಿ ಬೆಳ್ಳಗಿರುತ್ತದೆ. ಇನ್ನೊಂದರ ಎಲೆ ಅಗಲ, ಮೃದು, ಮುಟ್ಟಿದರೆ ರೋಮಮಯ. ಕೊನ್ನಾರಿಗೆಡ್ಡೆಯಾದರೋ ಹುಲ್ಲಿನ ಜಾತಿಯೇ ಅಲ್ಲ. ಅದರ ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಅಂಚುಗಳು ಸ್ಪಷ್ಟವಾಗಿ ತಾಕುತ್ತವೆ. ಇನ್ನು ಶ್ವೇತದೂರ್ವೆಯೆಂದು ಹೆಚ್ಚಿನ ಬೆಲೆಗೆ ಮಾರುವವರಿದ್ದಾರೆ. ನೆರಳಿನಲ್ಲಿಯೋ ಕಲ್ಲಿನ ಅಡಿಯಲ್ಲಿಯೋ ಬೆಳೆದು ಬಿಳಿಚಿಕೊಂಡ ಸಾಮಾನ್ಯ ಗರಿಕೆಗೂ ಆ ಹೆಸರು ಸಲ್ಲುವುದುಂಟಾದ್ದರಿಂದ ಹೆಚ್ಚಿನ ಹಣ ತೆರುವ ಅಗತ್ಯವಿಲ್ಲ.

ಸರಿಯಾದ ಹುಲ್ಲು ತಪ್ಪಾದ ಜಾಗದಲ್ಲಿ ಬೆಳೆದಿದ್ದರೆ ಅದು ಔಷಧವಲ್ಲ. ನನ್ನ ಮಟ್ಟಿಗೆ ಗರಿಕೆಯ ಚಿಕಿತ್ಸೆಯಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿಲ್ಲ. ನಮ್ಮ ಅಜ್ಜಿಯಂದಿರ ಹಿತ್ತಿಲಿನ ಗರಿಕೆಗೂ ಇಂದಿನ ನಗರದ ರಸ್ತೆಯಂಚಿನ ಗರಿಕೆಗೂ ಹೆಸರೊಂದೇ ಸಾಮಾನ್ಯ. ವಾಹನದ ಹೊಗೆ ಧೂಳುಗಳೊಡನೆ ಇಳಿಯುವ ಲೋಹಾಂಶ ರಸ್ತೆಯ ಮಗ್ಗುಲಿನ ಮಣ್ಣಿನಲ್ಲಿಯೂ ಎಲೆಯ ಮೇಲೆಯೂ ನಿಲ್ಲುತ್ತದೆ; ಉದ್ಯಾನದ ಹುಲ್ಲುಹಾಸಿಗೆ ಕಳೆನಾಶಕ ಕೀಟನಾಶಕಗಳನ್ನು ಸಿಂಪಡಿಸಿರಬಹುದು; ನಾಯಿಗಳನ್ನು ಅಡ್ಡಾಡಿಸುವ ಎಡೆಯಲ್ಲಿ ಅವುಗಳ ಹೊಟ್ಟೆಯ ಹುಳುಗಳ ಮೊಟ್ಟೆಗಳಿರುತ್ತವೆ; ದನಕುರಿಗಳು ಮೇಯುವ ಕೆರೆಯಂಚು ಕಾಲುವೆಯಂಚುಗಳ ಹುಲ್ಲಿಗೆ ಆ ಪಶುಗಳ ಪಿತ್ತಕೋಶವನ್ನು ಸೇರುವ ಚಪ್ಪಟೆಹುಳುವಿನ ಮರಿಗಳು ಅಂಟಿಕೊಂಡಿರುವ ಸಂಭವವುಂಟು, ಹಸಿಯಾಗಿ ಕುಡಿದ ಮನುಷ್ಯನನ್ನೂ ಅವು ಬಿಡವು. ದೇವರಿಗೆ ಏರಿಸಿ ಇಳಿಸಿದ ನಿರ್ಮಾಲ್ಯದ ಗರಿಕೆಯನ್ನು ಭಕ್ತಿಯಿಂದ ಅರೆದು ಕುಡಿಯುವವರಿದ್ದಾರೆ; ಅಂಗಡಿಯ ಕುಂಕುಮದಲ್ಲಿ ಕೃತಕ ಬಣ್ಣ ಬೆರೆತಿರುವ ಈ ಕಾಲದಲ್ಲಿ ಅದನ್ನು ಗಿಡದ ಬುಡಕ್ಕೆ ಹಾಕುವುದೇ ಯುಕ್ತ. ಸ್ವಂತ ಹಿತ್ತಿಲು, ಗೊಬ್ಬರ ಮಾತ್ರ ಕಂಡ ತೋಟದ ಬದು, ಇಲ್ಲವೆ ಮನೆಯ ಕುಂಡ, ಈ ಮೂರು ಕಡೆಯಿಂದಲ್ಲದೆ ಹೊಟ್ಟೆಗೆ ತೆಗೆದುಕೊಳ್ಳುವ ಗರಿಕೆಯನ್ನು ಕೀಳಬಾರದು. ಮಳೆಗಾಲದ ಆರಂಭದಿಂದ ಕಾರ್ತಿಕದವರೆಗೆ ಕುಡಿ ಎಳೆಯದಾಗಿ ರಸವುಳ್ಳದ್ದಾಗಿರುತ್ತದೆ; ಹೂತೆನೆ ಬರುವ ಮುಂಚೆ, ಬಿಸಿಲೇರದ ಹೊತ್ತಿನಲ್ಲಿ, ತುದಿಯ ನಾಲ್ಕು ಬೆರಳಿನಷ್ಟನ್ನು ಕತ್ತರಿಯಿಂದ ಕತ್ತರಿಸಿಕೊಂಡರೆ ಮಣ್ಣು ಕಡಮೆ ಬರುತ್ತದೆ. ಉಪ್ಪುನೀರಿನಲ್ಲಿ ಕಾಲುಗಂಟೆ ನೆನೆಯಿಟ್ಟು, ಹರಿಯುವ ನೀರಿನಲ್ಲಿ ಮೂರಾವರ್ತಿ ತೊಳೆಯತಕ್ಕದ್ದು.

ಗರಿಕೆ ನೋಡಲು ಎಷ್ಟು ಹಸಿರೋ ಹಿಂಡಲು ಅಷ್ಟೇ ಜಿಪುಣ. ತುಳಸಿಯಂತೆಯೋ ದೊಡ್ಡಪತ್ರೆಯಂತೆಯೋ ಕೈಯಲ್ಲಿ ಉಜ್ಜಿದರೆ ರಸ ಬಿಡುವ ಪೈಕಿ ಅದಲ್ಲ. ಒಂದು ಹಿಡಿ ಹುಲ್ಲಿಗೆ ಎರಡು ಮೂರು ಚಮಚ ನೀರನ್ನು ಚಿಮುಕಿಸಿಕೊಂಡು ಒರಳಿನಲ್ಲಿ ಜಜ್ಜಬೇಕು. ಮಿಕ್ಸಿಗೆ ಹಾಕುವವರು ಮೊದಲು ಅರ್ಧ ಅಂಗುಲದ ತುಂಡುಗಳಾಗಿ ಕತ್ತರಿಸಿಕೊಳ್ಳದಿದ್ದರೆ ನಾರೆಲ್ಲ ಅಲಗಿಗೆ ಸುತ್ತಿಕೊಂಡು ಯಂತ್ರ ಬಿಸಿಯೇರುತ್ತದೆಯೇ ಹೊರತು ಹುಲ್ಲು ಅರೆಯದು. ತೆಳುಬಟ್ಟೆಯಲ್ಲಿ ಹಿಂಡಿ ತೆಗೆದ ರಸ ಒಗರು ಮುಂದಾಗಿ ಕಹಿ ಹಿಂದಾಗಿ ನಾಲಗೆಗೆ ತಾಕುತ್ತದೆ. ದೊಡ್ಡವರಿಗೆ ಒಂದು ಸಲಕ್ಕೆ 10ರಿಂದ 20 ಮಿಲಿಲೀಟರ್, ದಿನಕ್ಕೆ ಎರಡು ಸಲ, ಇದು ವೈದ್ಯರು ಸಾಮಾನ್ಯವಾಗಿ ಹೇಳುವ ಪ್ರಮಾಣ. ಗಾಡಿಯವನು ಕೊಡುವ ದೊಡ್ಡ ಲೋಟಕ್ಕೂ ಇದಕ್ಕೂ ಇರುವ ಅಂತರವನ್ನು ಓದುಗರು ಗಮನಿಸಬೇಕು. ಹಿಂಡಿದ ರಸವನ್ನು ಆಗಲೇ ಕುಡಿಯಬೇಕು. ಸಂಜೆಗೆಂದು ತಂಗಳು ಪೆಟ್ಟಿಗೆಯಲ್ಲಿ ಇಡುವ ಬದಲು ಸಂಜೆಗೆ ಬೇರೆ ಜಜ್ಜಿಕೊಳ್ಳುವುದು ಮೇಲು.

ರಕ್ತಸ್ರಾವದಲ್ಲಿ ಗರಿಕೆಗೆ ಹಳೆಯ ಕೀರ್ತಿಯಿದೆ. ಚರಕನ ರಕ್ತಪಿತ್ತ ಚಿಕಿತ್ಸೆಯಲ್ಲಿ ದ್ರಾಕ್ಷಿಯ ರಸ, ಕಬ್ಬಿನ ಹಾಲು, ಹಸುವಿನ ಹಾಲುಗಳ ಸಾಲಿನಲ್ಲಿಯೇ ದೂರ್ವೆಯ ಸ್ವರಸವನ್ನೂ ಮೂಗಿಗೆ ಬಿಡತಕ್ಕ ನಸ್ಯವಾಗಿ ಹೇಳಿದೆ; ಹಳ್ಳಿಯ ಮನೆಗಳಲ್ಲಿ ಮೂಗಿಗೆ ಎರಡು ಹನಿ ಹಿಂಡುವ ವಾಡಿಕೆ ಅಲ್ಲಿಂದ ಬಂದದ್ದು. ಹಾಗಿದ್ದರೂ ಮೂಗಿನಲ್ಲಿ ರಕ್ತ ಬಂದ ಕ್ಷಣದಲ್ಲಿ ಮಾಡಬೇಕಾದ ಮೊದಲ ಕೆಲಸ ಹುಲ್ಲು ಹುಡುಕುವುದಲ್ಲ. ಮಗುವನ್ನು ನೆಟ್ಟಗೆ ಕೂರಿಸಿ, ತಲೆಯನ್ನು ಹಿಂದಕ್ಕಲ್ಲದೆ ತುಸು ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು ಎರಡು ಬೆರಳುಗಳಿಂದ ಬಿಗಿಯಾಗಿ 10 ನಿಮಿಷ ಬಿಡದೆ ಹಿಡಿದಿರಬೇಕು. ಬಾಯಿಂದ ಉಸಿರಾಡಲು ಹೇಳಬೇಕು. ಬಹುಪಾಲು ಸ್ರಾವ ಇಷ್ಟಕ್ಕೇ ನಿಲ್ಲುತ್ತದೆ. ಅರ್ಧಗಂಟೆಗೂ ನಿಲ್ಲದಿದ್ದರೆ ಆಸ್ಪತ್ರೆಯೇ ಗತಿ. ಶುದ್ಧೀಕರಿಸದ ಹಸಿರಸವನ್ನು ಮೂಗಿಗೆ ಬಿಡುವುದನ್ನು ನಾನು ಒಪ್ಪಲಾರೆ. ಅದು ನಸ್ಯವನ್ನು ಬಲ್ಲ ವೈದ್ಯನ ಕೈಯಲ್ಲಿ ಆಗತಕ್ಕ ಕೆಲಸ. ಬೇಸಗೆಯಲ್ಲಿ ಮತ್ತೆ ಮತ್ತೆ ಮೂಗು ಒಸರುವ ದೊಡ್ಡವರು, ಬೇರೆ ಕಾರಣವಿಲ್ಲವೆಂದು ವೈದ್ಯರು ನೋಡಿ ಹೇಳಿದ ಮೇಲೆ, ರಸಕ್ಕೆ ಕಲ್ಲುಸಕ್ಕರೆ ಸೇರಿಸಿ ಕೆಲವು ದಿನ ಹೊಟ್ಟೆಗೆ ತೆಗೆದುಕೊಳ್ಳುವುದು ಪರಂಪರೆಗೆ ಸಮ್ಮತವಾದ ಕ್ರಮ. ಮೂಲವ್ಯಾಧಿಯ ರಕ್ತಕ್ಕೂ, ಸ್ತ್ರೀಯರ ಅತಿಸ್ರಾವಕ್ಕೂ ಇದನ್ನೇ ಹೇಳಿದ್ದಾರೆ. ಅವೆರಡರ ಹಿಂದೆಯೂ ಗಡ್ಡೆ, ಹುಣ್ಣು, ರಕ್ತಹೀನತೆಗಳು ಅಡಗಿರಬಹುದಾದ ಕಾರಣ ಪರೀಕ್ಷೆಗೆ ಮುನ್ನ ಗರಿಕೆಯನ್ನು ನೆಚ್ಚಿ ತಿಂಗಳು ಕಳೆಯುವುದು ಅವಿವೇಕ. ಡೆಂಗೆ ಜ್ವರದಲ್ಲಿ ವಸಡಿನಿಂದಲೋ ಮೂಗಿನಿಂದಲೋ ರಕ್ತ ಕಂಡರೆ ಯಾವ ಸೊಪ್ಪಿನ ರಸಕ್ಕೂ ಕಾಯತಕ್ಕ ಕಾಲ ಅದಲ್ಲ.

ನಿತ್ಯದ ಬಳಕೆಗೆ ರಸಕ್ಕಿಂತ ತಂಬುಳಿ ಸೌಮ್ಯವಾದುದು, ಮತ್ತು ರುಚಿಯ ವಿಷಯದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಮಲೆನಾಡು ಕರಾವಳಿಗಳ ಅಡಿಗೆಮನೆಗಳಲ್ಲಿ ಸೊಪ್ಪು ಚಿಗುರುಗಳಿಂದ ತಂಬುಳಿ ಮಾಡುವವರು ಗರಿಕೆಯನ್ನೂ ಬಿಟ್ಟಿಲ್ಲ: ಎಳೆಯ ಕುಡಿಗಳನ್ನು ಸಣ್ಣಗೆ ಹೆಚ್ಚಿ, ಅರ್ಧ ಚಮಚ ಜೀರಿಗೆ, ನಾಲ್ಕು ಮೆಣಸಿನಕಾಳುಗಳೊಡನೆ ತುಪ್ಪದಲ್ಲಿ ಬಾಡಿಸಿ, ಹಿಡಿ ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಿ, ನಾರು ಗಂಟಲಿಗೆ ಸಿಕ್ಕದಂತೆ ಸೋಸಿ, ಹುಳಿಯಿಲ್ಲದ ಮಜ್ಜಿಗೆಯಲ್ಲಿ ಕಲಸಿ, ಉಪ್ಪು ಹಾಕಿ, ತುಪ್ಪದ ಒಗ್ಗರಣೆ ಕೊಟ್ಟರೆ ಬಿಸಿ ಅನ್ನಕ್ಕೆ ಸೊಗಸಾಗಿ ಹೊಂದುತ್ತದೆ. ಮೈಯುರಿ, ಅಂಗಾಲುರಿ, ಬಾಯಾರಿಕೆಗಳ ಬೇಸಗೆಯಲ್ಲಿ ವಾರಕ್ಕೆ ಎರಡು ಸಲ ಇದನ್ನುಂಡರೆ ಔಷಧ ಸೇವಿಸಿದ ಬೇಸರವೂ ಇರದು.

ಚರ್ಮದ ಮೇಲಿನ ಬಳಕೆಯಲ್ಲಿ ಗರಿಕೆ ಅತ್ಯಂತ ಸುಲಭವೂ ನಿರಪಾಯವೂ ಆದುದು. ಗರಿಕೆ ಅರಿಸಿನಗಳನ್ನು ಕೂಡಿಸಿ ಅರೆದ ಲೇಪವನ್ನು ಕಜ್ಜಿ, ತುರಿ, ಹುಳುಕಡ್ಡಿ, ಪಿತ್ತದ ಗಂಧೆಗಳಿಗೆ ನಮ್ಮ ಚಿಕಿತ್ಸಾಗ್ರಂಥಗಳು ಹೇಳಿವೆ. ಒಂದು ಹಿಡಿ ಗರಿಕೆಗೆ ಸಣ್ಣ ತುಂಡು ಹಸಿ ಅರಿಸಿನ ಸಾಕು. ಕಲ್ಲಿನ ಮೇಲೆ ಬೆಣ್ಣೆಯಂತೆ ಅರೆದು, ಮುಂಗೈಯ ಒಳಮಗ್ಗುಲಿಗೆ ಬೊಟ್ಟಿನಷ್ಟು ಹಚ್ಚಿ ಒಂದು ದಿನ ನೋಡಿ, ಕೆಂಪಾಗದಿದ್ದರೆ ಬೇಕಾದ ಕಡೆ ತೆಳುವಾಗಿ ಸವರಿ, ಒಣಗಿ ಬಿರಿಯುವ ಮುನ್ನವೇ ತೊಳೆಯಬೇಕು. ಬೆವರುಸಾಲೆಗೆ ಅರಿಸಿನ ಬಿಟ್ಟು ಗರಿಕೆಯನ್ನಷ್ಟೇ ತೇದ ಗಂಧದೊಡನೆ ಕಲಸಿಕೊಳ್ಳುವುದು ತಂಪು. ಕೀವು ಸೋರುವ ಗಾಯಕ್ಕೆ, ಕಣ್ಣಿನ ಸುತ್ತ, ಹಸುಗೂಸಿನ ಮೈಗೆ ಇದು ಕೂಡದು. ಹುಳುಕಡ್ಡಿ ಒಂದು ವಾರದಲ್ಲಿ ಹಿಮ್ಮೆಟ್ಟದೆ ಉಂಗುರ ಅಗಲವಾಗುತ್ತ ಹೋದರೆ ಚರ್ಮವೈದ್ಯರಲ್ಲಿಗೆ ಹೋಗತಕ್ಕದ್ದೇ ಹೊರತು, ಅಂಗಡಿಯವನು ತಾನಾಗಿ ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮಿಗೆ ಕೈಚಾಚಬಾರದು. ತುರಿಕೆಯನ್ನು ಎರಡು ದಿನ ಮರೆಸಿ ರೋಗವನ್ನು ಎರಡರಷ್ಟು ಬೆಳೆಸುವ ವಸ್ತು ಅದು.

ತಲೆಹೊಟ್ಟಿಗೂ ಒಣತುರಿಕೆಗೂ ಗರಿಕೆಯ ಎಣ್ಣೆ ಪ್ರಸಿದ್ಧವಾಗಿದೆ. ಕೇರಳದ ವೈದ್ಯರು ಇದನ್ನು ದೂರ್ವಾದಿ ಕೇರವೆಂದು ತೆಂಗಿನೆಣ್ಣೆಯಲ್ಲಿಯೂ, ತಮಿಳುನಾಡಿನ ಸಿದ್ಧವೈದ್ಯರು ಅರುಗನ್ ತೈಲವೆಂದೂ ಕಾಸುತ್ತಾರೆ. ಸ್ನೇಹಪಾಕದ, ಅಂದರೆ ಎಣ್ಣೆ ತುಪ್ಪಗಳನ್ನು ಮೂಲಿಕೆಯೊಡನೆ ಕಾಸುವ ಕ್ರಮದ, ಸಾಮಾನ್ಯ ನಿಯಮ ಕಲ್ಕ (ಅರೆದ ಮುದ್ದೆ) ಒಂದು ಪಾಲು, ಎಣ್ಣೆ ನಾಲ್ಕು ಪಾಲು, ದ್ರವ ಹದಿನಾರು ಪಾಲು. ಮನೆಯ ಮಟ್ಟಿಗೆ 250 ಮಿಲಿಲೀಟರ್ ತೆಂಗಿನೆಣ್ಣೆಗೆ ಸುಮಾರು 60 ಗ್ರಾಮ್ ಅರೆದ ಗರಿಕೆ, ನೀರು ಸೇರಿಸಿ ಜಜ್ಜಿ ಹಿಂಡಿದ ರಸ ಒಂದು ಲೀಟರ್. ಪಾತ್ರೆ ದಪ್ಪ ತಳದ್ದಾಗಿರಲಿ, ಅರ್ಧಕ್ಕಿಂತ ಹೆಚ್ಚು ತುಂಬದಿರಲಿ; ನೀರು ಬೆರೆತ ಎಣ್ಣೆ ಸಿಡಿಯದೆ ಇರದಾದ್ದರಿಂದ ಮಕ್ಕಳು ಹತ್ತಿರ ಸುಳಿಯದಿರಲಿ. ಸಣ್ಣ ಉರಿಯಲ್ಲಿ, ತಳ ಹಿಡಿಯದಂತೆ ಕದಡುತ್ತ ಕಾಸಿದರೆ ಮೊದಲು ಕಲ್ಕ ಕೆಸರಿನಂತೆ ಸಡಿಲವಾಗಿದ್ದು, ನೀರು ಆರಿದಂತೆಲ್ಲ ಮೇಣದ ಹದಕ್ಕೆ ಬರುತ್ತದೆ. ಆಗ ಚೂರನ್ನು ತೆಗೆದು ಹೆಬ್ಬೆರಳು ತೋರುಬೆರಳುಗಳ ನಡುವೆ ಹೊಸೆದರೆ ಬತ್ತಿಯಾಗಬೇಕು. ಆ ಬತ್ತಿಯನ್ನು ಕೆಂಡಕ್ಕೆ ಹಿಡಿದರೆ ಚಟಪಟವೆನ್ನದೆ ಉರಿಯಬೇಕು. ಎಣ್ಣೆಯ ಮೇಲೆ ನೊರೆ ಏಳಬೇಕು. ತುಪ್ಪವನ್ನು ಕಾಸುವಾಗ ನೊರೆ ಅಡಗುವುದು ಗುರುತಾದರೆ ಎಣ್ಣೆಗೆ ನೊರೆ ಹುಟ್ಟುವುದೇ ಗುರುತು. ಈ ಮೂರೂ ಕೂಡಿದ ಕ್ಷಣದಲ್ಲಿ ಇಳಿಸದೆ ಇನ್ನಷ್ಟು ಕಾಸಿದರೆ ಕಲ್ಕ ಗರಗರನೆ ಒಣಗಿ ಎಣ್ಣೆ ಸೀಯುತ್ತದೆ. ಬೆಚ್ಚಗಿರುವಾಗಲೇ ಸೋಸಿ, ತೇವವಿಲ್ಲದ ಗಾಜಿನ ಶೀಸೆಯಲ್ಲಿ ತುಂಬಿಟ್ಟುಕೊಂಡು, ಸ್ನಾನಕ್ಕೆ ಅರ್ಧಗಂಟೆ ಮೊದಲು ಹಚ್ಚಬಹುದು. ಕನರು ವಾಸನೆ ಬಂದರೆ ಚೆಲ್ಲಬೇಕು.

ಉರಿಮೂತ್ರಕ್ಕೆ ಬಳಕೆಯಾಗುವುದು ಬೇರು. ದರ್ಭೆ, ಕಬ್ಬು ಮೊದಲಾದ ಹುಲ್ಲಿನ ಬೇರುಗಳನ್ನು ತೃಣಪಂಚಮೂಲವೆಂದು ಕೂಡಿಸಿ ಮೂತ್ರವಿಕಾರಗಳಿಗೆ ಕೊಡುವ ಸಂಪ್ರದಾಯವುಂಟು; ಆ ಐದರಲ್ಲಿ ಸೇರದಿದ್ದರೂ ಗರಿಕೆಯ ಬೇರು ಅವುಗಳ ನಂಟಿನದೇ. ಫ್ರಾನ್ಸ್, ಇಟಲಿಗಳ ಜನಪದ ವೈದ್ಯದಲ್ಲಿಯೂ ಇದೇ ಗರಿಕೆಯ ಬೇರುಕಾಂಡದ ಕಷಾಯವನ್ನು ಮೂತ್ರವನ್ನು ಸಡಿಲಿಸಲು ಕುಡಿಯುತ್ತಿದ್ದರೆಂಬುದು ವಿನೋದದ ಸಂಗತಿ. ತೊಳೆದು ನೆರಳಿನಲ್ಲಿ ಒಣಗಿಸಿದ ಬೇರನ್ನು ಒರಟಾಗಿ ಕುಟ್ಟಿ, 10 ಗ್ರಾಮಿಗೆ 16 ಪಾಲು ನೀರು, ಅಂದರೆ 160 ಮಿಲಿಲೀಟರ್ ಹಾಕಿ, ಎಂಟರಲ್ಲೊಂದು ಪಾಲಿಗೆ ಇಳಿಸಿದರೆ ವೈದ್ಯಗ್ರಂಥಕಾರನಾದ ಶಾರ್ಙ್ಗಧರನ ಕ್ರಮದ ಕಷಾಯವಾಗುತ್ತದೆ. ನೀರು ಕಡಮೆ ಕುಡಿದು ಬಿಸಿಲಿನಲ್ಲಿ ತಿರುಗಿದವನ ಉರಿಗೆ ಇದು ಹೊಂದೀತು. ಜ್ವರ, ಬೆನ್ನುನೋವು, ಮೂತ್ರದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಕಷಾಯವನ್ನು ಬದಿಗಿಡತಕ್ಕದ್ದು.

ಸಕ್ಕರೆ ಕಾಯಿಲೆಯನ್ನು ಗರಿಕೆ ಗುಣಪಡಿಸುತ್ತದೆಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಪ್ರಯೋಗಶಾಲೆಯಲ್ಲಿ ಮಧುಮೇಹ ತರಿಸಿದ ಇಲಿಗಳಿಗೆ ಅದರ ಸಾರವನ್ನು ಕೊಟ್ಟಾಗ ರಕ್ತದ ಸಕ್ಕರೆ ಇಳಿದುದುಂಟು. ಇಲಿಗೆ ಕೊಟ್ಟ ಸಾರಕ್ಕೂ ಮನೆಯಲ್ಲಿ ಹಿಂಡಿದ ರಸಕ್ಕೂ, ಇಲಿಯ ದೇಹಕ್ಕೂ ನಮ್ಮದಕ್ಕೂ ದೂರ ಬಹಳ. ಮಾತ್ರೆ ನುಂಗುವವರು ಅದನ್ನು ಬಿಟ್ಟು ಇದನ್ನು ಹಿಡಿಯಬಾರದು. ಎರಡನ್ನೂ ಕೂಡಿಸುವುದಾದರೆ ಸಕ್ಕರೆ ಅತಿಯಾಗಿ ಇಳಿಯದಂತೆ ವೈದ್ಯರಿಗೆ ತಿಳಿಸಿಯೇ ಕೂಡಿಸಬೇಕು. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುವವರಿಗೆ ಹಸಿರೆಲೆಗಳಲ್ಲಿರುವ ‘ಕೆ’ ಜೀವಸತ್ತ್ವ ಎದುರುಬೀಳುತ್ತದೆ. ಮೂತ್ರಪಿಂಡ ಕುಂದಿದವರಿಗೆ ಸೊಪ್ಪಿನ ರಸದ ಪೊಟ್ಯಾಸಿಯಂ ಹೊರೆಯಾಗಬಹುದು. ಗರ್ಭಿಣಿಯರು ಪ್ರಜಾಸ್ಥಾಪನವೆಂಬ ಹೆಸರನ್ನು ನಂಬಿ ತಾವಾಗಿ ಕುಡಿಯುವುದು ಸಲ್ಲದು. ಇನ್ನೊಂದು ವೈಚಿತ್ರ್ಯ: ತುರಿಕೆಯನ್ನು ತಣಿಸುವ ಈ ಹುಲ್ಲಿನ ಪರಾಗವೇ ಹಲವರಲ್ಲಿ ಸೀನು, ಉಬ್ಬಸ, ಕಣ್ಣಿನ ತುರಿಕೆಗಳನ್ನು ಹುಟ್ಟಿಸುತ್ತದೆ. ಅಂಥವರು ತೆನೆ ಬಂದ ಗರಿಕೆಯ ಹತ್ತಿರ ಸುಳಿಯದಿರುವುದೂ, ಹೊಟ್ಟೆಗೆ ತೆಗೆದುಕೊಳ್ಳದಿರುವುದೂ ಕ್ಷೇಮ.

ಶುದ್ಧವಾದ ಗರಿಕೆಯನ್ನು ಅರಸಿ ಅಲೆಯುವುದಕ್ಕಿಂತ ತಾರಸಿಯಲ್ಲಿ ಬೆಳೆಸಿಕೊಳ್ಳುವುದು ಹಗುರ. ಆಳಕ್ಕಿಂತ ಅಗಲ ಹೆಚ್ಚಾಗಿರುವ ಕುಂಡದಲ್ಲಿ ಮಣ್ಣು, ಮರಳು, ಕಳಿತ ಗೊಬ್ಬರಗಳನ್ನು ಬೆರೆಸಿ ತುಂಬಿ, ಮೂರು ಗೆಣ್ಣುಗಳುಳ್ಳ ಹಂಬಿನ ತುಂಡುಗಳನ್ನು ಒಂದು ಗೆಣ್ಣು ಹೊರಗೆ, ಎರಡು ಗೆಣ್ಣು ಮಣ್ಣಿನೊಳಗೆ ಬರುವಂತೆ ಓರೆಯಾಗಿ ಊರಬೇಕು. ಗರಿಕೆ ಬಿಸಿಲಿನ ಮಗು. ನೆರಳಿನಲ್ಲಿ ಸೊರಗಿ ತೆಳುವಾಗುತ್ತದೆ. ಬೇರು ಹಿಡಿಯುವವರೆಗೆ ದಿನಕ್ಕೊಮ್ಮೆ, ಅನಂತರ ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು ಸಾಕು. ಪ್ರತಿಸಲವೂ ಬುಡದಲ್ಲಿ ಎರಡು ಬೆರಳಿನಷ್ಟು ಉಳಿಸಿ ಕತ್ತರಿಸುತ್ತಿದ್ದರೆ ತೆನೆ ಬರುವ ಮೊದಲೇ ಎಳೆಗುಡಿ ದೊರೆಯುತ್ತಿರುತ್ತದೆ, ವರ್ಷಕ್ಕೊಮ್ಮೆ ಕುಂಡವನ್ನು ಬಗ್ಗಿಸಿ ಹೆಣೆದುಕೊಂಡ ಬೇರಿನ ಅರ್ಧವನ್ನು ಕಷಾಯಕ್ಕೆಂದು ಒಣಗಿಸಿಟ್ಟುಕೊಂಡು ಉಳಿದರ್ಧವನ್ನು ಹೊಸ ಮಣ್ಣಿಗೆ ಹಾಕಬಹುದು.